ಆಯುಧಪೂಜೆ ಈ ಸಲ ನನ್ನ ಜವಾಬ್ದಾರಿ. ಕಸ ಕಡಿಮೆ ಮಾಡೋದು ಹೇಗೆ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ. ಸೇರಿ ಒಂದೂವರೆ ವರ್ಷ ಆಯಿತು. ಕಾಂಟ್ರಾಕ್ಟ್ ಹುಡುಗರೂ ಸೇರಿ 180 ಜನ ಇದ್ದೇವೆ, 34 ಮಷಿನ್ ಇವೆ. ಈ ಸಲ ಆಯುಧಪೂಜೆ ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಆಮೇಲೆ ಬರುವ ರಾಜ್ಯೋತ್ಸವವೂ ನನ್ನದೇ.

ಹೋದ ವರ್ಷ ನಡೆದದ್ದನ್ನು ಹೇಳಿದರೆ ಯಾಕೆ ಕೇಳುತ್ತಿದ್ದೇನೆ ಅಂತ ಅರ್ಥವಾಗುತ್ತದೆ. ಪೂಜೆ ಮಾತ್ರ ನೋಡೋಕೆ ಎರಡು ಕಣ್ಣು ಸಾಲದು. ಒಬ್ಬೊಬ್ಬರೂ ತಮ್ಮ ಮಷಿನ್ ತಾವೇ ಒರೆಸಿ, ವಿಭೂತಿ ಹಚ್ಚಿ, ಹೂ ಹಾಕಿ, ಬಾಳೆಕಂದು ಕಟ್ಟಿದ್ದರು. ಇಡೀ ವರ್ಷ ಬೈದುಕೊಂಡು ಓಡಿಸುವ ಡ್ರಿಲ್ಲಿಂಗ್ ಮಷಿನ್‌ಗೆ ಒಬ್ಬರು ಮಗುವಿಗೆ ಬೊಟ್ಟು ಇಟ್ಟ ಹಾಗೆ ಕುಂಕುಮ ಇಡುತ್ತಿದ್ದರು. ಅದು ನನಗೆ ತುಂಬಾ ಇಷ್ಟವಾಯಿತು.

ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಎಲ್ಲರೂ ಊರಿಗೆ ಹೊರಟರು. ನಾನು ಹಾಜರಿ ಫೈಲ್ ಮುಗಿಸೋಕೆ ಉಳಿದುಕೊಂಡೆ. ಹೌಸ್‌ಕೀಪಿಂಗ್‌ನ ಇಬ್ಬರು ಅಕ್ಕಂದಿರು ಇದ್ದರು. ಥರ್ಮಾಕೋಲ್ ತಟ್ಟೆಗಳಲ್ಲಿ ಅರ್ಧ ತಿಂದು ಬಿಟ್ಟ ಪಲಾವ್. ಎರಡು ಗುಟುಕು ಕುಡಿದು ಬಿಟ್ಟ ಪುಟ್ಟ ನೀರಿನ ಬಾಟಲಿಗಳು. ಕಡ್ಲೆಪುರಿ ಬೂಂದಿ ಹಂಚಿದ ಪ್ಲಾಸ್ಟಿಕ್ ಕವರ್‌ಗಳು. ಪ್ಲಾಸ್ಟಿಕ್ ಹೂವಿನ ತೋರಣ. ಎಲ್ಲ ಸೇರಿ 27 ದೊಡ್ಡ ಕಪ್ಪು ಕವರ್ ಆಯಿತು. ಅವರು ಮನೆಗೆ ಹೊರಟಾಗ ರಾತ್ರಿ ಎಂಟೂವರೆ. ಅವರ ಮನೆಯಲ್ಲೂ ಹಬ್ಬ ಇತ್ತು.

ಇನ್ನೊಂದು ವಿಷಯ. ಗೇಟ್ ಮುಂದೆ ರಸ್ತೆಯಲ್ಲೇ ಬೂದುಗುಂಬಳ ಒಡೆದಿದ್ದೆವು. ಸಂಜೆ ಒಬ್ಬ ಹುಡುಗ ಸ್ಕೂಟರ್‌ನಲ್ಲಿ ಬಂದವನು ಅದರ ಮೇಲೆ ಜಾರಿ ಬಿದ್ದ. ಮೊಣಕಾಲು ತರಚಿತ್ತು. ಫಸ್ಟ್ ಏಡ್ ಬಾಕ್ಸ್ ತಂದು ನಾನೇ ಪಟ್ಟಿ ಕಟ್ಟಿದೆ. ಅವನ ಮುಖ ಇವತ್ತಿಗೂ ನೆನಪಿದೆ.

ಎಂ.ಡಿ. ಸರ್ ಹತ್ತಿರ ಮಾತಾಡಿದೆ. "ಮಾಡಿ, ಆದರೆ ಬಜೆಟ್ ಹೋದ ವರ್ಷದಷ್ಟೇ. ಕೆಲಸಗಾರರ ಮನಸ್ಸಿಗೆ ನೋವಾಗಬಾರದು" ಅಂದರು. ಹಳೇ ಸೂಪರ್‌ವೈಸರ್‌ಗಳು ಆಗಲೇ "ವರ್ಷಕ್ಕೊಂದು ಹಬ್ಬ, ಅದರಲ್ಲೂ ಕೈ ಬಿಗಿ ಹಿಡಿಯೋದು ಯಾಕಮ್ಮ" ಅಂತ ಶುರು ಮಾಡಿದ್ದಾರೆ.

ಅಡಿಕೆ ಹಾಳೆ ತಟ್ಟೆ ತರಿಸಲಾ, ಪೇಪರ್ ತಟ್ಟೆಯಾ? ಕುಂಬಳಕಾಯಿಗೆ ಏನು ಮಾಡೋದು? ಸ್ವೀಟ್ ಹಂಚೋದು ಹೇಗೆ? ನಿಮ್ಮ ಕಂಪನಿಯಲ್ಲಿ ಮಾಡಿ ನೋಡಿದ್ದರೆ ದಯವಿಟ್ಟು ಬರೆಯಿರಿ.

ಸ್ಟೋರ್ಸ್ ಅಕ್ಕ

ತಂಗಿ, ನಾನು ದಾಬಸ್‌ಪೇಟೆ ಕಡೆ ಒಂದು ಫ್ಯಾಕ್ಟರಿಯಲ್ಲಿ 16 ವರ್ಷದಿಂದ ಸ್ಟೋರ್ಸ್ ಮತ್ತು ಅಡ್ಮಿನ್ ನೋಡಿಕೊಳ್ಳುತ್ತಿದ್ದೇನೆ. 240 ಜನ. ನೀವು ಹೇಳಿದ 27 ಕವರ್ ಓದುವಾಗ ನಮ್ಮ ಶೆಡ್ಡಿನ ಹಿಂದಿನ ರಾಶಿಯೇ ಕಣ್ಣ ಮುಂದೆ ಬಂತು. ಆರು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಮೊದಲ ವರ್ಷ ಮಾಡಿದ ತಪ್ಪನ್ನೇ ನೀವು ಈಗ ಮಾಡೋಕೆ ಹೊರಟಿದ್ದೀರಿ. ಯಾವುದರ ಬದಲು ಯಾವುದು ಅಂತ ಕೇಳುತ್ತಿದ್ದೀರಿ, ಅಲ್ವಾ? ನಾನೂ ಹಾಗೇ ಮಾಡಿದೆ. ಪ್ಲಾಸ್ಟಿಕ್ ತಟ್ಟೆ ಬದಲು ಹಾಳೆ ತಟ್ಟೆ, ಪ್ಲಾಸ್ಟಿಕ್ ಲೋಟ ಬದಲು ಪೇಪರ್ ಲೋಟ, ಕವರ್ ಬದಲು ಸೆಣಬಿನ ಚೀಲ. ಖರ್ಚು ಜಾಸ್ತಿ ಆಯಿತು. ಸಂಜೆ ನೋಡಿದರೆ ಕಸದ ಚೀಲಗಳ ಸಂಖ್ಯೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಪೇಪರ್ ಲೋಟದ ಒಳಗಡೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದಿಲ್ಲದಿದ್ದರೆ ಕಾಫಿ ನಿಲ್ಲೋದೇ ಇಲ್ಲ. ಹೊಳೆಯುವ ಪೇಪರ್ ತಟ್ಟೆಯೂ ಹಾಗೇ. ಅದು ಗೊಬ್ಬರದ ಗುಂಡಿಗೂ ಆಗೋದಿಲ್ಲ, ರದ್ದಿಯವರೂ ತಗೊಳ್ಳೋದಿಲ್ಲ.

ಎರಡನೇ ವರ್ಷ ಏನೂ ಬದಲಾಯಿಸಲಿಲ್ಲ. ಊಟ ಮುಗಿಯುವವರೆಗೂ ಕಸದ ಡ್ರಮ್ ಪಕ್ಕದಲ್ಲಿ ನಿಂತುಕೊಂಡೆ. ಏನು ಬೀಳುತ್ತಿದೆ ಅಂತ ಸುಮ್ನೆ ನೋಡಿದೆ. ಮುಕ್ಕಾಲು ಪಾಲು ಅನ್ನ! ಅಡುಗೆಯವರ ಪಾತ್ರೆಯಲ್ಲಿ ಇನ್ನೂ ಅರುವತ್ತು ಜನರಿಗೆ ಆಗುವಷ್ಟು ಊಟ ಉಳಿದಿತ್ತು. ಯಾಕೆ ಅಂತ ಅವತ್ತೇ ಹಾಜರಿ ತೆಗೆದು ಕೂತೆ. ನಾವು ಮಸ್ಟರ್ ರೋಲ್ (ಕೆಲಸಗಾರರ ಹೆಸರಿನ ಪಟ್ಟಿ) ನೋಡಿ 240 ಜನಕ್ಕೆ ಹೇಳಿ, ಮೇಲೆ ಇರಲಿ ಅಂತ 30 ಸೇರಿಸಿದ್ದೆವು. ಹಬ್ಬದ ಹಿಂದಿನ ದಿನ ಪೂಜೆ. ಹಾಸನದವರು, ತುಮಕೂರಿನವರು ಪೂಜೆ ಮುಗಿದ ತಕ್ಷಣ ಬಸ್ಸಿಗೆ ಓಡುತ್ತಾರೆ. ರಾಯಚೂರು, ಕಲಬುರಗಿ ಕಡೆಯವರು ಹಿಂದಿನ ರಾತ್ರಿಯೇ ರಜೆ ಹಾಕಿ ಹೋಗಿರುತ್ತಾರೆ. ಮಧ್ಯಾಹ್ನ ಒಂದೂವರೆಗೆ ಊಟ ಬಡಿಸೋಕೆ ಶುರು ಮಾಡಿದರೆ ಯಾರಿಗೆ ಬಡಿಸೋದು?

ಅದಕ್ಕೆ ಈಗ ನಾವು ಮೊದಲು ಮಾಡೋದು ಲೆಕ್ಕ. ನಾಲ್ಕು ದಿನ ಮುಂಚೆ ಪ್ರತಿ ಸೆಕ್ಷನ್‌ನ ಸೂಪರ್‌ವೈಸರ್ ಕೈಗೆ ಒಂದು ಹಾಳೆ. ಯಾರು ಊಟಕ್ಕೆ ಇರುತ್ತಾರೆ, ಯಾರು ಬಸ್ ಹಿಡಿಯುತ್ತಾರೆ, ಎರಡೇ ಕಾಲಂ. ಕಾಂಟ್ರಾಕ್ಟ್ ಹುಡುಗರ ಹೆಸರು ಕೇಳಿಯೇ ಬರೆಸಿ. ಬಿಹಾರ, ಒಡಿಶಾದ ಹುಡುಗರು ಎಲ್ಲಿಗೂ ಹೋಗೋದಿಲ್ಲ, ಪೂರ್ತಿ ಊಟಕ್ಕೆ ಇರುವವರು ಅವರೇ. ಅವರ ಹೆಸರೇ ಪಟ್ಟಿಯಲ್ಲಿ ಇರೋದಿಲ್ಲ! ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆ ಅವರಿಗೆ ದೊಡ್ಡ ಹಬ್ಬ, ಹಾಗಾಗಿ ಅಲಂಕಾರದಲ್ಲಿ ಅವರ ಕೈ ಚೆನ್ನಾಗಿ ಕುದುರಿರುತ್ತದೆ. ಅವರನ್ನು ತಯಾರಿಗೂ ಸೇರಿಸಿಕೊಳ್ಳಿ.

ಪೂಜೆ ಹತ್ತೂವರೆಗೆ ಮುಗಿಸಿ, ಊಟ ಹನ್ನೊಂದೂಮುಕ್ಕಾಲಿಗೆ ಶುರು ಮಾಡಿ. ಬಫೆ ಬೇಡ. ಸಾಲಾಗಿ ಕೂರಿಸಿ ಬಡಿಸಿ. ಬಫೆಯಲ್ಲಿ ಮತ್ತೆ ಕ್ಯೂ ನಿಲ್ಲಬೇಕಲ್ಲ ಅಂತ ಜನ ಒಂದೇ ಸಲ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಪಂಕ್ತಿಯಲ್ಲಿ ಬಡಿಸುವವನು "ಸಾಕಾ, ಇನ್ನೊಂಚೂರು ಹಾಕ್ಲಾ" ಅಂತ ಕೇಳುತ್ತಾನೆ. ಆ ಒಂದು ಮಾತಿಗೆ ಡ್ರಮ್ಮಿಗೆ ಬೀಳುವ ಅನ್ನ ಅರ್ಧಕ್ಕರ್ಧ ಇಳಿಯಿತು ನಮ್ಮಲ್ಲಿ. ಮ್ಯಾನೇಜರ್‌ಗಳು ಬಡಿಸಿದರೆ ಇನ್ನೂ ಒಳ್ಳೆಯದು. ನಮ್ಮ ಪ್ಲಾಂಟ್ ಹೆಡ್ ಸಾರಿನ ಬಕೆಟ್ ಹಿಡಿದು ನಿಂತ ದಿನವನ್ನು ಜನ ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಊಟಕ್ಕೆ ಸ್ಟೀಲ್ ತಟ್ಟೆ. ಶಾಮಿಯಾನದವರ ಹತ್ತಿರ ತಟ್ಟೆ, ಲೋಟ ಬಾಡಿಗೆಗೆ ಸಿಗುತ್ತವೆ. ಬೆಂಗಳೂರಲ್ಲಿ ಅದಮ್ಯ ಚೇತನ ಸೇವಾ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಕೂಡ ಇದೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಕೊಡುತ್ತಾರೆ. ಹಬ್ಬದ ಸಮಯ ಅಂತ ಮುಂಚೆಯೇ ಹೇಳಿಡಿ. ತೊಳೆಯೋಕೆ ಇಬ್ಬರನ್ನು ಬೇರೆಯಾಗಿಯೇ ಕರೆಸಿ, ಕೂಲಿ ಕೊಡಿ. ನಿಮ್ಮ ಹೌಸ್‌ಕೀಪಿಂಗ್ ಅಕ್ಕಂದಿರ ತಲೆಗೆ ಅದನ್ನು ಕಟ್ಟಬೇಡಿ, ಇಲ್ಲದಿದ್ದರೆ ಕಸ ಎತ್ತೋದು ತಪ್ಪಿ ತಟ್ಟೆ ತೊಳೆಯೋದು ಬಂತು ಅಷ್ಟೇ. ತಟ್ಟೆ ಸಿಗದಿದ್ದರೆ ಬಾಳೆ ಎಲೆ. ಅಡಿಕೆ ಹಾಳೆ ತಟ್ಟೆ ಕೆಟ್ಟದ್ದಲ್ಲ, ಆದರೆ ಮಲೆನಾಡಿನಿಂದ ಬಂದ ತಟ್ಟೆ ಇಪ್ಪತ್ತು ನಿಮಿಷದ ಊಟಕ್ಕೆ ಕಸ ಆಗುತ್ತದಲ್ಲ, ನನಗೆ ಅದಕ್ಕೆ ಮನಸ್ಸು ಬರೋದಿಲ್ಲ. ನೀರಿಗೆ 20 ಲೀಟರ್ ಕ್ಯಾನ್, ಸ್ಟೀಲ್ ಲೋಟ. ಬಾಟಲಿ ಬೇಡವೇ ಬೇಡ.

ಈಗ ಸ್ವೀಟು. ಇದರಲ್ಲಿ ನಮಗೆ ಒಂದು ದಾರಿ ಸಿಕ್ಕಿತು. ಒಂದು ವರ್ಷ ಹಬ್ಬದ ಉಡುಗೊರೆ ಅಂತ ಎಲ್ಲರಿಗೂ ಮುಚ್ಚಳ ಇರುವ ಸ್ಟೀಲ್ ಡಬ್ಬಿ ಕೊಟ್ಟೆವು. ಅದರೊಳಗೇ ಕಡ್ಲೆಪುರಿ, ಬೂಂದಿ, ಮೇಲೆ ಒಂದು ಬಾಳೆಹಣ್ಣು. ಮುಂದಿನ ವರ್ಷದಿಂದ ನೋಟಿಸ್ ಬೋರ್ಡ್‌ನಲ್ಲಿ ಒಂದೇ ಸಾಲು: "ನಾಳೆ ಡಬ್ಬಿ ತನ್ನಿ." ಮರೆತವರಿಗೆ ಅಂತ ಖಾಕಿ ಕಾಗದದ ಪೊಟ್ಟಣ ಇಟ್ಟಿರುತ್ತೇವೆ. ನ್ಯೂಸ್‌ಪೇಪರ್‌ನಲ್ಲಿ ಮಾತ್ರ ಕಟ್ಟಬೇಡಿ, ಶಾಯಿ ಎಣ್ಣೆಗೆ ಬಿಡುತ್ತದೆ. ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯವರೂ ಬೇಡ ಅಂದಿದ್ದಾರೆ.

ಕುಂಬಳಕಾಯಿ ವಿಷಯಕ್ಕೆ ನಮ್ಮ ಪುರೋಹಿತರನ್ನೇ ಕೇಳಿದೆ. ಮಷಿನ್‌ಗೊಂದು ಬೇಕಿಲ್ಲ, ಇಡೀ ಶೆಡ್ಡಿಗೆ ಒಂದು ಸಾಕು ಅಂದರು. ಆ ಒಂದನ್ನು ಗೇಟಿನ ಒಳಗಡೆ, ಗೋಣಿಚೀಲದ ಮೇಲೆ ಒಡೆಯುತ್ತೇವೆ. ಒಡೆದವನೇ ಗೋಣಿ ಸಮೇತ ಮಡಚಿ ಗಿಡದ ಬುಡಕ್ಕೆ ಒಯ್ದು ಸುರಿಯುತ್ತಾನೆ. ಒಳಗೆ ಚಿಲ್ಲರೆ ಕಾಸು ಹಾಕೋದನ್ನು ಬಿಟ್ಟೆವು, ಅದನ್ನು ಆರಿಸೋಕೆ ಮಕ್ಕಳು ರಸ್ತೆಗೆ ಓಡುತ್ತಾರೆ. ಮೊದಲು ತರಿಸುತ್ತಿದ್ದ ಅಷ್ಟು ಕುಂಬಳಕಾಯಿಯ ದುಡ್ಡಿನಲ್ಲಿ ಈಗ ನಾಲ್ಕೈದು ಒಳ್ಳೆಯ ಕಾಯಿ ಅಡುಗೆಯವರಿಗೆ ಕೊಡುತ್ತೇವೆ. ತುರಿದು, ನೀರು ಹಿಂಡಿ, ಸಕ್ಕರೆ ತುಪ್ಪದಲ್ಲಿ ಕಾಶಿ ಹಲ್ವಾ ಮಾಡುತ್ತಾರೆ. ಹಿಂಡಿದ ನೀರು ಮಜ್ಜಿಗೆಹುಳಿಗೆ. ಮೊದಲ ಸಲ ಬಡಿಸಿದಾಗ ನಮ್ಮ ಫೋರ್‌ಮನ್ ಒಬ್ಬರು "ಇದು ನಿಜವಾದ ಕುಂಬಳಕಾಯಿ ಪೂಜೆ" ಅಂದರು.

ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಬೇಕೇ ಬೇಕು ಅಂತ ಯಾರಾದರೂ ಹಠ ಮಾಡಿದರೆ ಜಗಳ ಆಡಬೇಡಿ, ಕಾನೂನು ತೋರಿಸಿ. ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧ ತಂದಿದೆ. ಕೇಂದ್ರದ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ, ಅಲಂಕಾರದ ಥರ್ಮಾಕೋಲ್, ಸ್ವೀಟ್ ಬಾಕ್ಸಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಎಲ್ಲ ಸೇರಿದೆ. "ನಾನು ಬೇಡ ಅನ್ನುತ್ತಿಲ್ಲ, ತರಿಸಿದರೆ ಕಂಪನಿಗೆ ದಂಡ" ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಚಿಂತಾಮಣಿ ಕಡೆಯವನು

ಅಕ್ಕ ಹೇಳಿದ್ದೆಲ್ಲ ಸರಿ. ನನ್ನದು ಒಂದೇ ಕೋರಿಕೆ. ಕಸ ಕಡಿಮೆ ಮಾಡೋಕೆ ಅಂತ ಹೂವು ಕಡಿಮೆ ಮಾಡಬೇಡಿ, ಮೇಡಂ. ನಮ್ಮ ಮನೆಯಲ್ಲಿ ಒಂದು ಎಕರೆ ಸೇವಂತಿಗೆ ಇದೆ. ಅಪ್ಪ ಅಮ್ಮ ಇಬ್ಬರೂ ತೋಟದಲ್ಲೇ. ನಾನು ಬೆಂಗಳೂರಲ್ಲಿ ಟೂಲ್ ರೂಮಲ್ಲಿ ಕೆಲಸ ಮಾಡುತ್ತೇನೆ.

ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ಹಬ್ಬಕ್ಕೆ ಸರಿಯಾಗಿ ಹೂ ಬರಲಿ ಅಂತ ನಮ್ಮ ಕಡೆ ರಾತ್ರಿ ಹೊಲದಲ್ಲಿ ಬಲ್ಬು ಹಾಕಿ ಮೊಗ್ಗು ತಡೆಯುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದರೆ ಹೊಲಗಳು ಜಾತ್ರೆ ಥರ ಕಾಣುತ್ತವೆ. ಅಷ್ಟು ಲೆಕ್ಕ ಹಾಕಿ ಬೆಳೆಯೋದು ಈ ಎರಡು ಮೂರು ದಿನಕ್ಕೆ. ಆ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ರೇಟು ಬಂದರೆ ವರ್ಷದ ಸಾಲ ತೀರುತ್ತದೆ. ಬಾರದಿದ್ದರೆ ಅಲ್ಲೇ ರಸ್ತೆ ಬದಿ ಸುರಿದು ಬರಬೇಕು. ಹಬ್ಬ ಮುಗಿದ ಮಾರನೇ ದಿನ ಮಾರ್ಕೆಟ್ ಹತ್ತಿರ ಹೋಗಿ ನೋಡಿ. ಬಾಳೆಕಂದು, ಬೂದುಗುಂಬಳ, ಹೂವು ರಾಶಿ ರಾಶಿ ಬಿದ್ದಿರುತ್ತವೆ. ಮಾರಾಟವಾಗದ್ದನ್ನು ಊರಿಗೆ ವಾಪಸ್ ಒಯ್ಯೋಕೆ ಬಾಡಿಗೆಗೂ ದುಡ್ಡಿರೋದಿಲ್ಲ.

ನಮ್ಮ ಹೊಟ್ಟೆ ಮೇಲೆ ಹೊಡೆಯೋದು ಪ್ಲಾಸ್ಟಿಕ್ ಹೂವು. ಒಂದು ಸಲ ತಂದು ಐದು ವರ್ಷ ಕಟ್ಟುತ್ತೇವೆ, ಪರಿಸರಕ್ಕೆ ಒಳ್ಳೆಯದು ಅಂತ ಹೇಳುವವರನ್ನೂ ನೋಡಿದ್ದೇನೆ. ಮಷಿನ್ ಶಾಪ್‌ನ ಎಣ್ಣೆ ಧೂಳಲ್ಲಿ ಅದು ಎರಡನೇ ವರ್ಷಕ್ಕೇ ಕಪ್ಪಾಗಿ ಕಸಕ್ಕೆ ಹೋಗುತ್ತದೆ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಹಾರ ತರಿಸುವಾಗ ಬಾಳೆ ನಾರು ಅಥವಾ ಹತ್ತಿ ದಾರದಲ್ಲಿ ಕಟ್ಟಿದ್ದು ಕೇಳಿ. ನಡುನಡುವೆ ಮಿಂಚುವ ಜರಿ, ಥರ್ಮಾಕೋಲ್ ಉಂಡೆ ಸೇರಿಸಿದ ಹಾರ ಬೇಡ. ಹಾರ ಬೇಡವೇ ಬೇಡ ಅಂದರೆ ಬಿಡಿ ಹೂವು ಕೆ.ಜಿ. ಲೆಕ್ಕದಲ್ಲಿ ತಂದು ನಿಮ್ಮವರೇ ಕಟ್ಟಲಿ. ನಮ್ಮ ಟೂಲ್ ರೂಮಲ್ಲಿ ಹಿಂದಿನ ದಿನ ಮಧ್ಯಾಹ್ನ ಒಂದು ಗಂಟೆ ಅದಕ್ಕೇ ಕೊಡುತ್ತಾರೆ. ಹೂ ಕಟ್ಟೋಕೆ ಬಾರದ ಹುಡುಗರಿಗೆ ಅಸೆಂಬ್ಲಿಯ ಹೆಣ್ಣುಮಕ್ಕಳು ಕಲಿಸುತ್ತಾರೆ. ಬಾಳೆಕಂದನ್ನು ಹತ್ತಿರದ ಗೋಶಾಲೆಗೆ ಅಥವಾ ಹಸು ಸಾಕಿದವರಿಗೆ ಹೇಳಿದರೆ ಅವರೇ ಬಂದು ಒಯ್ಯುತ್ತಾರೆ. ಎಣ್ಣೆ, ಕುಂಕುಮ ತಾಗದ ಹಾಗೆ ಬಾಗಿಲಲ್ಲಿ ಕಟ್ಟಿ.

ಹಳೇ ಲೇತ್

ನಾನು 31 ವರ್ಷ ಲೇತ್ (ಲೋಹ ಕಡೆಯುವ ಮಷಿನ್) ಓಡಿಸಿದವನು. ರಿಟೈರ್ ಆಗಿ ನಾಲ್ಕು ವರ್ಷ. ತಟ್ಟೆ, ಲೋಟ, ಹೂವು ಎಲ್ಲರೂ ಹೇಳಿದರು. ಆದರೆ ಮಷಿನ್ ಶಾಪ್‌ನಲ್ಲಿ ದೊಡ್ಡ ಕೆಡುಕು ಆಗೋದು ಪೂಜೆಯ ದಿನ ಅಲ್ಲಮ್ಮ. ಹಿಂದಿನ ದಿನ.

ಕ್ಲೀನಿಂಗ್ ದಿನ ನೆನಪು ಮಾಡಿಕೊಳ್ಳಿ. ಎಲ್ಲ ಮಷಿನ್ ಬಿಚ್ಚಿ, ಡೀಸೆಲ್ ಸೀಮೆಎಣ್ಣೆ ಹಾಕಿ ತೊಳೆಯುತ್ತೇವೆ. ಟ್ಯಾಂಕಿನ ಹಳೇ ಕೂಲೆಂಟ್ (ಕೆಲಸ ಮಾಡುವಾಗ ತಂಪು ಮಾಡುವ ದ್ರವ) ಹೊರಗೆ. ಒರೆಸುವ ಬನಿಯನ್ ವೇಸ್ಟು, ಕಾಟನ್ ವೇಸ್ಟು ಮೂಟೆಗಟ್ಟಲೆ ಎಣ್ಣೆ ಕುಡಿದು ಬಿದ್ದಿರುತ್ತದೆ. ಕೊನೆಗೆ ನೆಲಕ್ಕೆ ಸೋಪು ನೀರು ಸುರಿದು ಎಲ್ಲವನ್ನೂ ಪೈಪಿನಲ್ಲಿ ಚರಂಡಿಗೆ ತಳ್ಳುತ್ತೇವೆ. ನನ್ನ ಕಾಲದಲ್ಲಿ ನಾನೇ ಪೈಪು ಹಿಡಿದಿದ್ದೇನೆ, ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ. ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದೇ ದಿನ ಎಲ್ಲ ಶೆಡ್ಡಿನವರೂ ಇದನ್ನೇ ಮಾಡಿದರೆ ಚರಂಡಿ ನೀರಿನ ಮೇಲೆ ಬಣ್ಣ ಬಣ್ಣದ ಪದರ ನಿಲ್ಲದೆ ಇನ್ನೇನಾಗುತ್ತದೆ?

ಹಳೇ ಎಣ್ಣೆ, ಎಣ್ಣೆ ಕುಡಿದ ಬಟ್ಟೆ, ಇವೆಲ್ಲ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬರುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟವರಿಗೇ ಕೊಡಬೇಕು. ನಿಮ್ಮ ಕಂಪನಿಗೂ ಅದರ ರಿಜಿಸ್ಟರ್ ಇರುತ್ತದೆ, ಮೇಂಟೆನೆನ್ಸ್‌ನವರನ್ನು ಕೇಳಿ.

ಮಾಡಬೇಕಾದದ್ದು ಕಷ್ಟ ಏನಿಲ್ಲ. ಮೊದಲು ಒಣಗಿದ್ದು, ಆಮೇಲೆ ಒದ್ದೆ. ಲೋಹದ ಚೂರು (ಚಿಪ್ಸ್) ಎಲ್ಲ ಬ್ರಷ್‌ನಲ್ಲಿ ಗುಡಿಸಿ ಎತ್ತಿ. ನೆಲದ ಎಣ್ಣೆ ಮೇಲೆ ಮರದ ಹೊಟ್ಟು ಹಾಕಿ, ಅದು ಹೀರಿಕೊಳ್ಳುತ್ತದೆ, ಆ ಹೊಟ್ಟು ಎಣ್ಣೆ ಬಟ್ಟೆಯ ಡ್ರಮ್ಮಿಗೆ. ಮಷಿನ್ ಕೆಳಗೆ ಟ್ರೇ ಇಟ್ಟು ತೊಳೆಯಿರಿ. ಟ್ರೇಯ ಡೀಸೆಲ್ ಒಂದು ರಾತ್ರಿ ನಿಂತರೆ ಕೊಳೆ ತಳಕ್ಕೆ ಇಳಿಯುತ್ತದೆ, ಮೇಲಿನದನ್ನು ಮುಂದಿನ ಮಷಿನ್‌ಗೆ ಬಳಸಬಹುದು. ಚರಂಡಿ ಬಾಯಿಗೆ ಮರಳು ಮೂಟೆ ಇಟ್ಟುಬಿಡಿ, ಮರೆತು ಯಾರೂ ನೀರು ಬಿಡದ ಹಾಗೆ. ಒಂದು ದಿನದಲ್ಲಿ ಮುಗಿಸೋಕೆ ಹೋದರೇ ಜನ ಪೈಪು ಹಿಡಿಯೋದು. ಒಂದು ವಾರ ಮುಂಚೆಯಿಂದ ದಿನಕ್ಕೆ ಐದು ಮಷಿನ್ ಅಂತ ಹಂಚಿ.

ಇನ್ನೊಂದು ಮುಖ್ಯ ಮಾತು. ಎಣ್ಣೆ ಬಟ್ಟೆ ಮತ್ತು ಪೂಜೆಯ ಹೂವು ಒಂದೇ ಡ್ರಮ್ಮಿಗೆ ಬೀಳಬಾರದು. ಒಂದು ಹಿಡಿ ಎಣ್ಣೆ ಬಟ್ಟೆ ಬಿದ್ದರೂ ಇಡೀ ಹೂವು ಗೊಬ್ಬರಕ್ಕೆ ಬರೋದಿಲ್ಲ. ಮತ್ತೆ ಕರ್ಪೂರವನ್ನು ಮಷಿನ್ ಹತ್ತಿರ ಹಚ್ಚಬೇಡಿ. ಆರತಿ ಒಂದೇ ಕಡೆ, ದೇವರ ಫೋಟೋ ಮುಂದೆ.

ರಿಂಗ್ ರೋಡ್ ಕ್ಯಾಬ್

ನಾನು ಬೆಳ್ಳಂದೂರು ಕಡೆ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದೇನೆ. ನಮ್ಮಲ್ಲಿ ಎಣ್ಣೆ ಚರಂಡಿ ಇಲ್ಲ, ಆದರೆ ದೀಪಾವಳಿ ಗಿಫ್ಟ್ ಹ್ಯಾಂಪರ್ ಕಸ ಇದೆ. ರಾಜ್ಯೋತ್ಸವಕ್ಕೆ ಉಪಯೋಗ ಆಗಬಹುದಾದ ಎರಡು ಮಾತು ಬರೆಯುತ್ತೇನೆ.

ಬ್ಯಾನರ್ ಮೇಲೆ ಇಸವಿ ಹಾಕಿಸಬೇಡಿ. "ಕನ್ನಡ ರಾಜ್ಯೋತ್ಸವದ ಶುಭಾಶಯಗಳು" ಅಷ್ಟೇ, ಫ್ಲೆಕ್ಸ್ ಅಲ್ಲ, ಬಟ್ಟೆ ಮೇಲೆ ಬರೆಸಿ. ನಮ್ಮ ಫ್ಲೋರ್‌ನಲ್ಲಿ ಒಬ್ಬರು ಬರೆಸಿದ ಬಟ್ಟೆ ಬ್ಯಾನರ್ ಐದನೇ ವರ್ಷಕ್ಕೂ ನಡೆಯುತ್ತಿದೆ. ಪ್ಲಾಸ್ಟಿಕ್ ಬಾವುಟದ ಸರ ಬೇಡ, ಅದೂ ನಿಷೇಧದ ಪಟ್ಟಿಯಲ್ಲಿದೆ. ಕೆಂಪು ಹಳದಿ ಕಾಟನ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಚಿಕ್ಕಪೇಟೆಯಲ್ಲಿ ಸಿಗುತ್ತದೆ, ಕತ್ತರಿಸಿ ಹೊಲಿಸಿದರೆ ಆಯಿತು. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಬಾವುಟ, ಮಾರನೇ ದಿನ ಕಸದ ಲಾರಿಯಲ್ಲಿ ಹೋಗೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಟೀ ಶರ್ಟ್ ಕೊಡುವ ಯೋಚನೆ ಇದ್ದರೆ ಬಿಡಿ. ಇಸವಿ, ಕಂಪನಿ ಲೋಗೋ ಇರುವ ಪಾಲಿಸ್ಟರ್ ಶರ್ಟನ್ನು ಯಾರೂ ಎರಡನೇ ಸಲ ಹಾಕೋದಿಲ್ಲ. ಆ ದುಡ್ಡಿಗೆ ಚನ್ನಪಟ್ಟಣದ ಮರದ ಬುಗುರಿಯೋ ಗಿಲಕಿಯೋ ತಗೊಂಡರೆ ಮಕ್ಕಳಿರುವ ಮನೆಗಳಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ನಮ್ಮಲ್ಲಿ ಹೋದ ಡಿಸೆಂಬರ್‌ನಲ್ಲಿ ಸೀಕ್ರೆಟ್ ಸಾಂಟಾಗೆ (ಹೆಸರು ಹೇಳದೆ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಆಟ) ಹೊಸದು ಕೊಳ್ಳೋ ಹಾಗಿಲ್ಲ ಅಂತ ನಿಯಮ ಮಾಡಿದೆವು. ಓದಿದ ಪುಸ್ತಕ, ಮನೆಯ ಗಿಡದ ಸಸಿ, ಅಮ್ಮ ಮಾಡಿದ ಉಪ್ಪಿನಕಾಯಿ. ನನಗೆ ನಿಂಬೆಕಾಯಿ ಉಪ್ಪಿನಕಾಯಿ ಬಂತು.

ಹಳೇ ಲೇತ್

ಪಾಲಿಸ್ಟರ್ ಶರ್ಟು ಮಷಿನ್ ಒರೆಸೋಕೂ ಆಗೋದಿಲ್ಲಪ್ಪ. ಕಾಟನ್ ಆದರೆ ಕೊನೆಗೆ ಅದಕ್ಕಾದರೂ ಬರುತ್ತದೆ.

ಪೀಣ್ಯ ಎರಡನೇ ಹಂತ

ಎಲ್ಲರ ಉತ್ತರವನ್ನೂ ಪ್ರಿಂಟ್ ತೆಗೆದು ಸೂಪರ್‌ವೈಸರ್ ಮೀಟಿಂಗ್‌ಗೆ ಒಯ್ದಿದ್ದೆ. ಎಣ್ಣೆ ವಿಷಯ ಓದಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಮೇಂಟೆನೆನ್ಸ್‌ನ ಹಿರಿಯರು "ಇದನ್ನು ಬರೆದವರು ಕೆಲಸ ಮಾಡಿದವರು" ಅಂದರು. ಅವರೇ ದಿನಕ್ಕೆ ಐದು ಮಷಿನ್ ಅಂತ ಪಟ್ಟಿ ಬರೆದುಕೊಟ್ಟರು.

ಒಂದು ಅನುಮಾನ, ಅಕ್ಕ. ಮಷಿನ್‌ಗೊಂದು ಕುಂಬಳಕಾಯಿ ಬೇಡ ಅಂದರೆ ತಮ್ಮ ಮಷಿನ್‌ಗೆ ದೃಷ್ಟಿ ತೆಗೆಯಲಿಲ್ಲ ಅಂತ ಆಪರೇಟರ್‌ಗಳು ಬೇಜಾರು ಮಾಡಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬರ ಕೈಗೆ ಪೆಟ್ಟಾಗಿತ್ತು. ಅವರಿಗೆ ಇದು ಬರೀ ಶಾಸ್ತ್ರ ಅಲ್ಲ.

ಸ್ಟೋರ್ಸ್ ಅಕ್ಕ

ನೀವು ಅದನ್ನು ಗಮನಿಸಿದ್ದೇ ದೊಡ್ಡದು, ತಂಗಿ. ಪೆಟ್ಟಾದ ಅವರ ಕೈಯಿಂದಲೇ ಆ ಒಂದು ಕುಂಬಳಕಾಯಿಯನ್ನು ಎತ್ತಿಸಿ, ಎಲ್ಲ ಮಷಿನ್ ಮುಂದೆ ಹಾಯಿಸಿ. ಒಂದೊಂದರ ಮುಂದೆಯೂ ಮೂರು ಸುತ್ತು ನಿವಾಳಿಸಲಿ. ಅವಸರ ಮಾಡಬೇಡಿ, 34 ಮಷಿನ್‌ಗೆ ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಜೊತೆಗೆ ಎಲ್ಲ ಆಪರೇಟರ್‌ಗಳೂ ನಡೆದು ಬರಲಿ. ಮಷಿನ್‌ಗೊಂದು ನಿಂಬೆಹಣ್ಣು ಇಟ್ಟುಕೊಳ್ಳಬೇಕು ಅಂದವರಿಗೆ ಬೇಡ ಅನ್ನಬೇಡಿ. ಮತ್ತೆ ಯಾವ ಮಷಿನ್‌ನಲ್ಲಿ ಪೆಟ್ಟಾಯಿತೋ ಅದರ ಗಾರ್ಡ್ (ಕೈ ಒಳಗೆ ಹೋಗದ ಹಾಗೆ ತಡೆಯುವ ಮುಚ್ಚಳ) ಹಬ್ಬದೊಳಗೆ ಸರಿ ಮಾಡಿಸಿಕೊಡಿ.

ಪೀಣ್ಯ ಎರಡನೇ ಹಂತ (ಮೂರು ವಾರದ ನಂತರ)

ಪೂಜೆ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

180 ಜನರಲ್ಲಿ ಊಟಕ್ಕೆ ಇರುತ್ತೇವೆ ಅಂದವರು 121. ಅಡುಗೆಯವರಿಗೆ 125 ಹೇಳಿದೆ. ರಾತ್ರಿ ನಿದ್ದೆ ಬರಲಿಲ್ಲ, ಯಾರಿಗಾದರೂ ಸಾಲದೆ ಹೋದರೆ ಅಂತ. ಕೊನೆಯ ಪಂಕ್ತಿಗೆ ಪಲ್ಯ ಮುಗಿಯಿತು, ಮಜ್ಜಿಗೆಹುಳಿ ಜಾಸ್ತಿ ಬಡಿಸಿದೆವು. ಅನ್ನ ಉಳಿದದ್ದು ಒಂದು ಬಕೆಟ್. ಅದನ್ನು ಸೆಕ್ಯುರಿಟಿಯವರು ಮತ್ತು ಎದುರಿನ ಶೆಡ್ಡಿನ ಕಟ್ಟಡ ಕೆಲಸದವರು ತಗೊಂಡರು. ಊಟದಲ್ಲಿ ಉಳಿದ ದುಡ್ಡಿನಲ್ಲೇ ಸ್ಟೀಲ್ ತಟ್ಟೆ ಬಾಡಿಗೆ, ತೊಳೆಯುವವರ ಕೂಲಿ, ಡಬ್ಬಿಯ ಅರ್ಧ ಖರ್ಚು ಬಂತು. ಇನ್ನರ್ಧ ಹೋದ ವರ್ಷ ಕೊಟ್ಟಿದ್ದ ಬ್ಯಾಗಿನ ಬಜೆಟ್‌ನಿಂದ ತೆಗೆದೆವು.

ಕ್ಲೀನಿಂಗ್‌ನಲ್ಲಿ ಪೂರ್ತಿ ಗೆಲ್ಲಲಿಲ್ಲ. ಐದು ದಿನ ಚೆನ್ನಾಗಿ ನಡೆಯಿತು. ಆರನೇ ದಿನ ಅರ್ಜೆಂಟ್ ಆರ್ಡರ್ ಬಂದು ಮಿಲ್ಲಿಂಗ್ ಸೆಕ್ಷನ್ ಕ್ಲೀನಿಂಗ್ ನಿಂತೇ ಹೋಯಿತು. ಕೊನೆಗೆ ಎಂಟು ಮಷಿನ್ ಹಳೇ ಥರವೇ ತೊಳೆದರು. ಮರಳು ಮೂಟೆ ಇದ್ದದ್ದರಿಂದ ನೀರು ಚರಂಡಿಗೆ ಹೋಗಲಿಲ್ಲ, ಒಳಗೇ ನಿಂತಿತು. ಅದನ್ನು ಡ್ರಮ್ಮಿಗೆ ತುಂಬಿಸೋಕೆ ಇಬ್ಬರಿಗೆ ಎರಡು ಗಂಟೆ ಹಿಡಿಯಿತು. ಮುಂದಿನ ವರ್ಷ ಹತ್ತು ದಿನ ಮುಂಚೆ ಶುರು ಮಾಡಬೇಕು ಅಂತ ಅವರೇ ಹೇಳಿದರು.

ಕುಂಬಳಕಾಯಿಯನ್ನು ಪೆಟ್ಟಾಗಿದ್ದವರೇ ಎತ್ತಿದರು. ಎಲ್ಲ ಮಷಿನ್ ಮುಂದೆ ನಡೆದರು. ತಮ್ಮ ಪ್ರೆಸ್ ಮಷಿನ್ ಮುಂದೆ ಬಂದಾಗ ಸ್ವಲ್ಪ ಹೊತ್ತು ನಿಂತುಬಿಟ್ಟರು. ಹೊಸ ಗಾರ್ಡ್‌ಗೂ ಅರಿಶಿನ ಕುಂಕುಮ ಹಚ್ಚಿದರು. ಕಾಶಿ ಹಲ್ವಾ ಎರಡನೇ ಸಲ ಕೇಳಿದವರಿಗೆ ಸಿಗಲಿಲ್ಲ.

ಕಸ ಈ ಸಲ ಏಳು ಚೀಲ. ಅದರಲ್ಲಿ ನಾಲ್ಕು ಬರೀ ಹೂವು ಎಲೆ, ಕಾಂಪೌಂಡ್ ಮೂಲೆಯಲ್ಲಿ ಗುಂಡಿ ತೆಗೆದು ಹಾಕಿದ್ದೇವೆ. ಹೌಸ್‌ಕೀಪಿಂಗ್ ಅಕ್ಕಂದಿರು ನಾಲ್ಕೂಕಾಲಿಗೆ ಹೊರಟರು. ಒಬ್ಬರು ಗೇಟ್ ದಾಟಿದವರು ಡಬ್ಬಿ ಮರೆತೆ ಅಂತ ವಾಪಸ್ ಓಡಿ ಬಂದರು.

ಈಗ ಒಂದು ಸಮಸ್ಯೆ. ಎಲ್ಲ ಡಬ್ಬಿಯೂ ಒಂದೇ ಥರ. ಮುಂದಿನ ವರ್ಷ ವಾಪಸ್ ತಂದರೆ ಯಾರದ್ದು ಯಾವುದು ಅಂತ ಗೊತ್ತಾಗೋದು ಹೇಗೆ? ಆಗಲೇ ಕ್ಯಾಂಟೀನ್‌ನಲ್ಲಿ ಮೂರು ಅದಲು ಬದಲಾಗಿವೆ.

ಹಳೇ ಲೇತ್

ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ. ನಿಮ್ಮ ಟೂಲ್ ಕ್ರಿಬ್‌ನಲ್ಲಿ (ಉಪಕರಣ ಇಡುವ ಕೋಣೆ) ಅಚ್ಚು ಹೊಡೆಯುವ ಅಕ್ಷರದ ಪಂಚ್ ಸೆಟ್ ಇರುತ್ತದೆ. ಡಬ್ಬಿ ತೆಳು, ಅದಕ್ಕೆ ಒಳಗಡೆ ಒಂದು ಮರದ ದಿಮ್ಮಿ ಇಟ್ಟು ಮೆಲ್ಲಗೆ ಹೊಡೆಯಿರಿ, ಇಲ್ಲದಿದ್ದರೆ ತಳ ಕುಳಿ ಬೀಳುತ್ತದೆ. ಹೆಸರು ಬೇಡ, ಟೋಕನ್ ನಂಬರ್ ಸಾಕು. ಕಾಂಟ್ರಾಕ್ಟ್ ಹುಡುಗರಿಗೂ ಒಂದು ನಂಬರ್ ಕೊಡಿ.